ಬದುವಿನ ಮರಗಳು

ತೋಂಟದಾರ್ಯನವರನ್ನು ಸಮಾಧಿಯ ಗುಣಿಯೊಳಗೆ ಕೂರಿಸುವಾಗ ತಲೆ ಒಂದು ಕಡೆಗೆ ವಾಲಿತು. ಮರುಳಪ್ಪ ತಾನೇ ಕೆಳಗಿಳಿದು ಭುಜ ಹಿಡಿದುಕೊಂಡ. ಸ್ವಾಮಿಗಳು ಸುತ್ತ ವಿಭೂತಿ ತುಂಬಿಸುವವರೆಗೂ ಕೈ ಬಿಡಲಿಲ್ಲ. ಸರ್ಕಾರಿ ಬೆಳೆ ಲೆಕ್ಕದ ಆಫೀಸಿನಲ್ಲಿ ಎರಡು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೂತವನು ಅವನು. ತಾಲ್ಲೂಕಿನ ತೆಂಗಿನ ಲೆಕ್ಕ ಬರೆಯುವುದನ್ನು ಕಲಿತದ್ದೇ ಅವರಿಂದ. ಮೊನ್ನೆ ಸಂಜೆಯವರೆಗೂ ನೆಟ್ಟಗೆ ಓಡಾಡಿಕೊಂಡಿದ್ದವರು, ನಿನ್ನೆ ಎದೆ ಹಿಡಿದುಕೊಂಡು ಮಲಗಿದವರು ಏಳಲಿಲ್ಲ.

ಮೇಲೆ ಹತ್ತಿ ಬಂದವನನ್ನು ಸೂಪರಿಂಟೆಂಡೆಂಟ್ ಶಂಭುಲಿಂಗಯ್ಯ ನೆರಳಿಗೆ ಕರೆದರು. ಕೆಟ್ಟ ಮನುಷ್ಯರಲ್ಲ. ಬೆಳಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು. ಆದರೂ ಕಂಕುಳಲ್ಲಿ ಫೈಲಿತ್ತು.

“ನಾಳೆ ಮಾರ್ಚ್ ಮೂವತ್ತೊಂದು ಕಣಪ್ಪ. ಕಂಪ್ಯೂಟರ್ ಪರೀಕ್ಷೆ ಮಾಡಿ ನೋಡಿದ್ದೀವಿ, ಸರಿಯಾಗೈತೆ ಅಂತ ರುಜು ಬೀಳ್ದಿದ್ರೆ ಗ್ರಾಂಟು ವಾಪಸ್ ಹೋಗ್ತದೆ. ಇವ್ರು ಹಾಕ್ದೇನೇ ಹೋಗ್ಬುಟ್ರು. ಲೆಕ್ಕದ ಕೆಲ್ಸ ಗೊತ್ತಿರೋನು ಇನ್ನು ನೀನೊಬ್ನೇ, ನೀನೇ ಹಾಕ್ಬೇಕು. ನಿನ್ ಕೆಲ್ಸ ಕಾಯಂ ಮಾಡೋ ಕಾಗ್ದನೂ ಸಾಹೇಬ್ರ ಮುಂದೆ ಐತೆ.”

ಬೆದರಿಕೆಯಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಅದಕ್ಕೇ ಮರುಳಪ್ಪನಿಗೆ ಹೆಚ್ಚು ಸಂಕಟವಾಯಿತು.

* * *

ಆಫೀಸಿಗೆ ಕಂಪ್ಯೂಟರ್ ಕೊಳ್ಳುತ್ತಾರೆಂದು ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ಸುದ್ದಿಯಾದಾಗ, ಅದರ ಕೋಣೆಗೆ ಹಾಕುವ ತಂಪಿನ ಮೆಷೀನಿನ ಪಕ್ಕ ಯಾರ ಮೇಜು ಎನ್ನುವುದೇ ಎಲ್ಲರ ಚಿಂತೆ. ಐವತ್ತಾರು ವಯಸ್ಸಿನ ತೋಂಟದಾರ್ಯನವರು ಮಾತ್ರ ಮೂರು ವಾರ ತುಮಕೂರಿಗೆ ಬಸ್ಸಿನಲ್ಲಿ ಓಡಾಡಿ ತರಬೇತಿ ಮುಗಿಸಿದರು. ಮಗಳ ವಯಸ್ಸಿನ ಮೇಡಂ ಕೈಲಿ ಬೈಸಿಕೊಂಡೆ ಎಂದು ಹೆಮ್ಮೆಯಿಂದಲೇ ಹೇಳಿಕೊಂಡು ತಿರುಗಿದರು. ನಮ್ಮ ಬೆಳೆ ಪಟ್ಟಿಯನ್ನೇ ಅದರೊಳಗೆ ಹಾಕಿ ತೋರಿಸಿದ ಮೇಲೆ ಖರೀದಿ ಎಂದು ಟೆಂಡರಿನಲ್ಲಿ ಷರತ್ತು ಬರೆಸಿದ್ದೂ ಅವರೇ.

ಕಂಪನಿಯವನು ಟೈ ಕಟ್ಟಿಕೊಂಡು ಬಂದು ಬಾಯಿ ತುಂಬಾ ಮಾತಾಡಿದ. ತೋಂಟದಾರ್ಯನವರು ಅವನಿಗೆ ಕಂದಿಕೆರೆಯ ಒಂದೇ ಒಂದು ಸರ್ವೆ ನಂಬರು ಕೊಟ್ಟರು. ಅದು ಭೈರಮ್ಮ ಎನ್ನುವವಳ ಅರ್ಧ ಎಕರೆ. ಹೊಲದಲ್ಲಿ ರಾಗಿ, ಬದುವಿನ ಮೇಲೆ ತೆಂಗು. ಅವನು ತಾನು ತಂದಿದ್ದ ಕಂಪ್ಯೂಟರಿನಲ್ಲಿ ರಾಗಿ ಎಂದು ಒತ್ತಿದ. ತೆಂಗು ಒತ್ತಿದರೆ ರಾಗಿ ಅಳಿಸಿಹೋಯಿತು. ಒಂದು ನಂಬರಿಗೆ ಒಂದೇ ಬೆಳೆ, ನಾಲ್ಕು ಮರ ಬಿಟ್ಟುಹೋದರೆ ಏನಾಗುತ್ತೆ ಸಾರ್ ಎಂದು ನಕ್ಕ.

“ಮರಕ್ಕೆ ರೋಗ ಬಂದಾಗ ಔಸ್ದಿ, ಸಸಿ ಕೊಡೋದು ಈ ಪಟ್ಟಿ ನೋಡೇ,” ಎಂದರು ತೋಂಟದಾರ್ಯ. “ತೋಟ ಇರೋರು ಹೆಂಗೋ ಸಿಕ್ತಾರೆ. ಬದಿನ ಮ್ಯಾಲೆ ನಾಲ್ಕ್ ಮರ ಇಟ್ಕಂಡೋರು ಪಟ್ಟೀಲಿ ಇಲ್ದಿದ್ರೆ ಸಿಕ್ಕೋದೇ ಇಲ್ಲ. ಸರಿ ಮಾಡ್ಕಂಡು ಬನ್ನಿ, ರುಜು ಹಾಕ್ತೀನಿ.”

ಅವನು ಮತ್ತೆ ಬರಲಿಲ್ಲ; ಮೇಲಿನವರ ಫೋನು ಮಾತ್ರ ಬರುತ್ತಿತ್ತು. ಮುದುಕ ಎಲ್ಲದಕ್ಕೂ ಅಡ್ಡಗಾಲು ಹಾಕುತ್ತಾನೆ ಎಂದು ಆಫೀಸಿನವರು ಗೊಣಗಿದರು. ಮರುಳಪ್ಪನೂ ಗೊಣಗಿದ್ದ. ಈಗ ಅದನ್ನು ನೆನೆದು ಅವನಿಗೆ ನಾಚಿಕೆಯಾಯಿತು.

* * *

ಮಣ್ಣು ಹಾಕಿದ ಜನ ಸ್ನಾನಕ್ಕೆಂದು ಬಾವಿಯ ಕಡೆ ಹೊರಟರು. ದೂರ ನಿಂತಿದ್ದ ಮುದುಕಿಯೊಬ್ಬಳು ಮರುಳಪ್ಪನ ಹತ್ತಿರ ಬಂದು ತಾನು ಭೈರಮ್ಮ ಎಂದಳು. ತೋಂಟದಾರ್ಯ ಯಜಮಾನರು ವರ್ಷಕ್ಕೊಮ್ಮೆ ತನ್ನ ಹೊಲಕ್ಕೆ ಬರುತ್ತಿದ್ದರಂತೆ, ಮಜ್ಜಿಗೆ ಕೊಟ್ಟರೆ ನಿಂತೇ ಕುಡಿಯುತ್ತಿದ್ದರಂತೆ.

“ಇನ್ ನಮ್ ಮರ ನೋಡಾಕೆ ಯಾರ್ ಬತ್ತಾರೆ ಸ್ವಾಮಿ?”

ಶಂಭುಲಿಂಗಯ್ಯ ಅಷ್ಟರಲ್ಲಿ ಪೆನ್ನು ತೆಗೆದು ಹಿಡಿದಿದ್ದರು. ಮರುಳಪ್ಪ ಅದನ್ನು ತೆಗೆದುಕೊಳ್ಳಲಿಲ್ಲ.

“ಕಂಪನಿಯೋನು ಈಯಮ್ಮನ ಮರ ಅದ್ರೊಳ್ಗೆ ಹಾಕಿ ತೋರಿಸ್ಲಿ ಸಾರ್. ಆಮ್ಯಾಲೆ ಹಾಕ್ತೀನಿ.”

“ನಿನ್ ಕೆಲ್ಸ ಹೋಯ್ತದೆ ಕಣೋ.”

ಮನೆಯಲ್ಲಿ ಏನು ಹೇಳುವುದೆಂದು ಮರುಳಪ್ಪನಿಗೆ ತಿಳಿಯಲಿಲ್ಲ. ಶಂಭುಲಿಂಗಯ್ಯ ಫೈಲು ಮಡಿಚಿಕೊಂಡು ಜೀಪಿನ ಕಡೆ ನಡೆದರು.

ಮೈಮೇಲೆ ನೀರು ಸುರಿದುಕೊಂಡು ಅವನು ಒದ್ದೆ ಪಂಚೆಯಲ್ಲೇ, ಅಂಗಿ ಜೇಬಿನಲ್ಲಿದ್ದ ಪುಸ್ತಕ, ಪೆನ್ಸಿಲು ಕೈಲಿ ಹಿಡಿದು, ಭೈರಮ್ಮನ ಹಿಂದೆ ಹತ್ತಿರದಲ್ಲೇ ಇದ್ದ ಅವಳ ಹೊಲಕ್ಕೆ ಹೋದ. ಅವಳು ಬದುವಿನ ಮೇಲೆ ನಡೆಯುತ್ತಾ ಒಂದೊಂದನ್ನೇ ತೋರಿಸಿ ಆರು ಎಂದಳು. ಅವನ ಕಣ್ಣಿಗೆ ಏಳು ಕಂಡವು; ಅವಳು ಬಿಟ್ಟ ಮರದ ಕಡೆ ಕೈ ತೋರಿಸಿದ.

“ಅದು ದ್ಯಾವ್ರ ಮರ. ಬಾಯ್ಬುಟ್ಟು ಯೆಣಿಸ್ಬಾರ್ದು,” ಎಂದಳು ಭೈರಮ್ಮ. “ಯಜಮಾನ್ರು ಕೇಳ್ತಿರ್ಲಿಲ್ಲ. ಸುಮ್ಕೆ ಮುಟ್ಟಿ ಬರ್ಕತಿದ್ರು.”

ಮರುಳಪ್ಪ ಚಪ್ಪಲಿ ಬಿಟ್ಟು ಹತ್ತಿರ ಹೋಗಿ ಏಳನೆಯ ಮರದ ಮೇಲೆ ಅಂಗೈ ಇಟ್ಟ. ಭೈರಮ್ಮ ಮುಖವನ್ನು ಆ ಕಡೆಗೆ ತಿರುಗಿಸಿಕೊಂಡು, ಅವನು ಬರೆದು ಮುಗಿಸುವ ತನಕ ಕಾದಳು.