ನೆಗ್ಗಿದ ಬಾಗಿಲು ಮತ್ತು ನಮ್ಮ ಭಾವ

ನಮ್ಮ ಭಾವನವರು ಯಾರ ಕಾರಿನಲ್ಲಿ ಕೂತರೂ ಅವರ ಬಲಗಾಲು ತನ್ನಷ್ಟಕ್ಕೆ ತಾನೇ ಇಲ್ಲದ ಬ್ರೇಕನ್ನು ಹುಡುಕಿ ಒತ್ತುತ್ತದೆ. ಮೇಲೆ ಮುಖ ಪ್ರಸನ್ನವಾಗಿರುತ್ತದೆ, ಮಾತು ಮಳೆ-ಬಿಸಿಲಿನ ಬಗ್ಗೆ ಸಾವಧಾನವಾಗಿ ಸಾಗಿರುತ್ತದೆ. ಕೆಳಗೆ ಆ ಕಾಲು ಮಾತ್ರ ರಬ್ಬರ್ ಹಾಸಿನ ಮೇಲೆ ಪ್ರಾಣಭಯದಿಂದ ಊರಿಕೊಂಡಿರುತ್ತದೆ. ಆಯುಷ್ಯದ ಬಹುಭಾಗವನ್ನು ವಾಹನ ಪರವಾನಗಿ ಕಚೇರಿಯ ಪರೀಕ್ಷಕರಾಗಿ, ಹೊಸಬರ ಪಕ್ಕದ ಸೀಟಿನಲ್ಲಿ ಜೀವ ಅಂಗೈಯಲ್ಲಿ ಹಿಡಿದು ಕಳೆದವರು ಅವರು. ಫೇಲಾದವರನ್ನು ಬೈದದ್ದಿಲ್ಲ. "ಇನ್ನೊಂದ್ಸಲ ಬನ್ನಿ" ಎಂದು ಮೃದುವಾಗಿ ಹೇಳುತ್ತಿದ್ದರು, ಅಷ್ಟೆ. ಊರಿನ ಅರ್ಧ ಜನ ಹಾಗೆ ಇನ್ನೊಂದು ಸಲ ಹೋದವರೇ ಆದ್ದರಿಂದ 'ಇನ್ನೊಂದ್ಸಲ ಸಾಹೇಬರು' ಎಂಬ ಹೆಸರು ಅವರಿಗೆ ಅಂಟಿಕೊಂಡಿತು.

ನಿವೃತ್ತರಾದ ಮೇಲೂ ಕಚೇರಿಯ ಬೂದುಬಣ್ಣದ ಕೋಟನ್ನು ಬಿಡಲಿಲ್ಲ. ನಡಿಗೆಯಂತೂ ಸಂಚಾರ ನಿಯಮದ ಸಜೀವ ವ್ಯಾಖ್ಯಾನ: ಪ್ರತಿ ತಿರುವಿನಲ್ಲೂ ನಿಂತು, ಕತ್ತನ್ನು ಎರಡೂ ಕಡೆ ತಿರುಗಿಸಿ, ಮನಸ್ಸಿಗೆ ಖಾತ್ರಿಯಾದ ಮೇಲೆಯೇ ಮುಂದಿನ ಹೆಜ್ಜೆ. "ಅಡುಗೆಮನೆಗೆ ಬರೋಕೂ ಎರಡೂ ಕಡೆ ನೋಡ್ತಾರೆ ಕಣೋ, ಹಾರ್ನ್ ಒಂದು ಹೊಡೆಯಲ್ಲ" ಎಂದು ನಮ್ಮಕ್ಕ ನಗುತ್ತಾಳೆ.

ಇಂಥವರ ಕಾರಿನ ಎಡಬದಿಯ ಹಿಂಬಾಗಿಲು ಒಂದು ಬೆಳಿಗ್ಗೆ ನೆಗ್ಗಿದ್ದು ಕಂಡಿತು. ಹಿಂದಿನ ಸಂಜೆಯಷ್ಟೇ ಬ್ರೇಕ್ ರಿಪೇರಿ ಮುಗಿಸಿ ಗ್ಯಾರೇಜಿನಿಂದ ತಂದಿದ್ದ ಕಾರು. ಗ್ಯಾರೇಜಿನವರದೇ ಕೆಲಸ ಎಂದರು ಭಾವ. ನಮ್ಮ ಕೈಯಲ್ಲಿದ್ದಾಗ ಬಾಗಿಲು ನೆಟ್ಟಗೇ ಇತ್ತು ಎಂದಿತು ಗ್ಯಾರೇಜು. ಭಾವನವರ ಮಗಳು ಯಾರಿಗೂ ಏನೂ ಹೇಳದೆ ಮನೆಯ ಕೆಳಗಿನ ಪಾರ್ಕಿಂಗಿಗೆ ಹೋಗಿ ಅಲ್ಲಿನ ಕಂಬವನ್ನು ನೋಡಿ ಬಂದಳು. ಆ ಕಂಬಕ್ಕೆ ಕಟ್ಟಡದ ಎಲ್ಲ ಕಾರುಗಳ ಬಣ್ಣವೂ ಮೆತ್ತಿದ್ದರಿಂದ ಅದರ ಸಾಕ್ಷ್ಯ ಯಾವ ಪ್ರಯೋಜನಕ್ಕೂ ಬರಲಿಲ್ಲ. ಆದರೆ ಅವಳು ನೋಡಿ ಬಂದದ್ದನ್ನು ಭಾವ ನೋಡಿದ್ದರು. "ಅಪ್ಪ, ಇನ್ಮೇಲೆ ಕೀ ನನ್ನ ಹತ್ರ ಇರ್ಲಿ" ಎಂದು ಅವಳು ಕೆಲವು ಕಾಲದಿಂದ ಕೇಳುತ್ತಲೇ ಇದ್ದಳು. ನೆಗ್ಗು ಗ್ಯಾರೇಜಿನದಲ್ಲವಾದರೆ ಅದು ಅವರದೇ, ಅವರದಾದರೆ ಕೀಯೂ ಹೋಯಿತು, ಕೀ ಜೊತೆಗೆ ಆ ಮನೆಯಲ್ಲಿ ಅವರ ಮಾತಿಗಿದ್ದ ತೂಕವೂ.

ತಪ್ಪು ಅವರದೂ ಒಂದಿತ್ತು. ಕಾರನ್ನು ಒಂದು ಸುತ್ತು ಬಂದು ನೋಡದೆ ಬಾಗಿಲು ತೆರೆಯದ ಮನುಷ್ಯ ಆ ಸಂಜೆ ಸುತ್ತು ಬರಲಿಲ್ಲ. ಗ್ಯಾರೇಜಿನ ಮಾಲೀಕನನ್ನು ಅವರು ಹಿಂದೆ ಎರಡು ಸಲ ಫೇಲ್ ಮಾಡಿದ್ದರು. ಅವನು ಅದನ್ನು ಹೊಟ್ಟೆಗೆ ಹಾಕಿಕೊಂಡು, ಕುರ್ಚಿ ಒರೆಸಿ ಕೂರಿಸಿ, ಟೀ ತರಿಸಿದ್ದ. ಅವನೆದುರೇ ಕಾರಿನ ಸುತ್ತ ಕಣ್ಣಾಡಿಸಿದರೆ ಮೂರನೇ ಸಲ ಪರೀಕ್ಷೆ ಮಾಡಿದ ಹಾಗಾಗುತ್ತದೆ ಎಂಬ ದಾಕ್ಷಿಣ್ಯ ಅವರನ್ನು ತಡೆಯಿತು. ಅದು ಎಂಥ ದುಬಾರಿ ದಾಕ್ಷಿಣ್ಯವೆಂದು ಮರುದಿನ ತಿಳಿಯಿತು.

ಆಮೇಲೆ ಶುರುವಾಯಿತು ಅಲೆದಾಟ. ಜೊತೆಗೆ ನಾನೂ ಹೋಗುತ್ತಿದ್ದೆ. ಅದೇ ಕಾಲು ಮುರಿದ ಕುರ್ಚಿ, ಅದೇ ಗ್ರೀಸಿನ ವಾಸನೆ, ಅರ್ಧ ಬಿಚ್ಚಿದ ಎಂಜಿನ್ನುಗಳ ನಡುವೆ ಯಾರೂ ಕೇಳದ ರೇಡಿಯೋ. ಕ್ಯಾಮೆರಾ ಇತ್ತು, ಕೆಟ್ಟಿತ್ತು. ಕಾರನ್ನು ಒಳಗೆ ತಂದವನು ರಜೆಯಲ್ಲಿದ್ದ. ರಜೆ ಮುಗಿಸಿ ಬಂದವನು ತಂದದ್ದು ತಾನಲ್ಲ ಎಂದ. ಮಾಲೀಕನ ಉತ್ತರ ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅವನೂ ಸುಸ್ತಾಗಿದ್ದ, ಭಾವನೂ ಸುಸ್ತಾಗಿದ್ದರು, ನನಗಂತೂ ಬಾಗಿಲೇ ಇಲ್ಲದ ವಾಹನಗಳ ಮೇಲೆ ಪ್ರೀತಿ ಹುಟ್ಟಿತ್ತು.

ಕೊನೆಗೊಂದು ದಿನ ಅವನು ಕೈ ಒರೆಸಿಕೊಳ್ಳುತ್ತ ಬಂದ. "ಹೋಗ್ಲಿ ಬಿಡಿ ಸಾರ್, ನಮ್ಮವರೇ ಮಾಡಿರ್ಬೇಕು. ಬಾಗಿಲು ಸರಿ ಮಾಡಿಕೊಡ್ತೀನಿ."

"ಮಾಡಿರ್ಬೇಕು ಅಂದ್ರೆ? ಮಾಡಿದ್ರಾ, ಇಲ್ವಾ?"

"ನಿಮಗ್ಯಾಕೆ ಸಾರ್ ಅದು? ಈ ವಯಸ್ಸಲ್ಲಿ ನಿಮ್ಮ ಮನಸ್ಸಿಗೆ ಬೇಜಾರಾಗ್ಬಾರ್ದು, ಅಷ್ಟೆ."

ಹಾವೂ ಸಾಯದ, ಕೋಲೂ ಮುರಿಯದ ಇಂಥ ಪರಿಹಾರಕ್ಕೆ ನಾನಾಗಿದ್ದರೆ ಕೈಮುಗಿದು ಮನೆಗೆ ಹೋಗುತ್ತಿದ್ದೆ. ಭಾವ ಕೋಟಿನ ಗುಂಡಿ ಹಾಕಿಕೊಂಡು ಎದ್ದು, "ಬನ್ನಿ, ಪಕ್ಕದಲ್ಲಿ ಕೂತ್ಕೊಳ್ಳಿ. ಇವತ್ತು ನೀವು ನನ್ನ ಪರೀಕ್ಷೆ ಮಾಡಿ" ಎಂದರು.

ಅವನು ಸಂಕೋಚದಿಂದ ಕಾರಿನಲ್ಲಿ ಕೂತ. ಭಾವ ರಸ್ತೆಗಿಳಿದರು, ತಿರುಗಿಸಿದರು, ನಿಲ್ಲಿಸಿದರು. ನೋಡುವುದಕ್ಕೆ ಕಣ್ಣಿಗೆ ಹಬ್ಬದಂತಿತ್ತು. ಕೊನೆಗೆ ರಿವರ್ಸ್‌ನಲ್ಲಿ ಷೆಡ್ಡಿನೊಳಕ್ಕೆ ತರುವಾಗ ಎಡಗಡೆ ಇದ್ದ ಮರದ ಸ್ಟೂಲಿಗೆ ಕಾರು ತಾಗಿತು. ಸ್ಟೂಲು ವಾಲಿ ಬಿತ್ತು. ಹೊರಗೆ ನಿಂತಿದ್ದ ನನಗೆ ಕಂಡಿತು, ಒಳಗಿದ್ದ ಮಾಲೀಕನಿಗೂ ತಿಳಿಯಿತು. ಭಾವನವರಿಗೆ ತಿಳಿಯಲಿಲ್ಲ.

"ಪಾಸು ಸಾರ್, ಪಾಸು!" ಎಂದ ಅವನು.

ಭಾವ ನಗುನಗುತ್ತ ಇಳಿದು ಎಡಕ್ಕೆ ಬಂದರು. ಬಿದ್ದಿದ್ದ ಸ್ಟೂಲನ್ನು ನೋಡಿದರು. "ಇದು ಯಾವಾಗ ಬಿತ್ತು?"

"ಈಗ ತಾನೆ, ಭಾವ" ಎಂದೆ.

"ಸ್ಟೂಲು ತಾನೆ ಸಾರ್, ಬಿಡಿ."

"ಇವತ್ತು ಸ್ಟೂಲು" ಎಂದರು ಭಾವ. ಬಗ್ಗಿ ಅದನ್ನು ಎತ್ತಿ ನಿಲ್ಲಿಸಿ, ಧೂಳು ಕೊಡವಿ, ಮಾಲೀಕನ ಕಡೆ ತಿರುಗಿದರು. ಕೋಪವಿರಲಿಲ್ಲ, ಆಯಾಸವಿತ್ತು. "ನೀವು ನನ್ನ ಪಾಸ್ ಮಾಡ್ಬಾರ್ದಿತ್ತು. ನಾನು ನಿಮಗೆ ಹಾಗೆ ಮಾಡಿರ್ಲಿಲ್ಲ."

ಕೀಯನ್ನು ನನ್ನ ಕೈಗಿಟ್ಟು ಪಕ್ಕದ ಸೀಟಿನಲ್ಲಿ ಕೂತರು. ಮನೆ ತಲುಪಿ ಇಳಿಯುವಾಗ, "ನೀನು ಸರಿಯಾಗಿ ಓಡಿಸ್ದೆ" ಎಂದರು. ಕೇಳಿ ಕೇಳಿ ಸಾಕಾಗಿದ್ದ ಮಗಳು, ಕೀ ಕೈಗೆ ಬಂದಾಗ ಗೆದ್ದವಳಂತೆ ಕಾಣಲಿಲ್ಲ. ಒಳಗೆ ಹೋಗಿ ಮುಖ ತೊಳೆದುಕೊಂಡಳು. ಬಾಗಿಲು ನೆಗ್ಗಿಸಿದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಭಾವ ಅದನ್ನು ಮತ್ತೆ ಕೇಳಲೂ ಇಲ್ಲ.

ಪರರನ್ನು ಅಳೆಯುವುದೇ ವೃತ್ತಿಯಾದವರನ್ನು ಲೋಕ ಕಲ್ಲುಮನಸ್ಸಿನವರೆಂದು ಕರೆದು ಕೈತೊಳೆದುಕೊಳ್ಳುತ್ತದೆ. ನಾವೆಲ್ಲ ವಯಸ್ಸಾದಂತೆ ಮಕ್ಕಳ, ನೆರೆಯವರ, ಅಂಗಡಿಯವರ ಕನಿಕರದ ಅಂಕಗಳನ್ನು ಗೊತ್ತಿದ್ದೂ ಗೊತ್ತಿಲ್ಲದವರಂತೆ ಜೇಬಿಗಿಳಿಸಿ ದಿನ ನೂಕುತ್ತೇವೆ; ಆ ಜಾಣತನ ಇವರಿಗೆ ಕಲಿಸಿದರೂ ಬರುವುದಿಲ್ಲ. ಇಂಥವರ ಜೊತೆ ಬಾಳುವುದು ಬಲು ದಣಿವಿನ ಕೆಲಸ, ನಮ್ಮಕ್ಕನನ್ನು ಕೇಳಿದರೆ ಗೊತ್ತಾದೀತು. ಆದರೆ ಅವರ ಬಾಯಿಂದ 'ಸರಿ' ಎಂಬ ಒಂದು ಮಾತು ಬಂದರೆ, ಅದನ್ನು ನಂಬಿ ಎಷ್ಟು ದೂರ ಬೇಕಾದರೂ ಹೋಗಬಹುದು.