ಕೆನ್ನೆಯ ಮೇಲಿನ ಓರೆಗೆರೆ

ಈ ಕಥೆಯನ್ನು ಕೋರ್ಟಿನ ಬೆಂಚಿನಿಂದ ಶುರು ಮಾಡಲೇ, ಪತ್ರಿಕೆಯ ಕಚೇರಿಯಿಂದಲೇ? ಮೊದಲ ಡ್ರಾಫ್ಟಿನಲ್ಲಿ ಎರಡೂ ಇರಲಿಲ್ಲ, ಒಂದು ಲಿಫ್ಟ್ ಬೀಳುತ್ತಿತ್ತು. ಕೇಬಲ್ ಹರಿಯುವ ಸದ್ದು, ಒಳಗಿನ ಕಿರುಚಾಟ, ಎಲ್ಲವನ್ನೂ ಒಂದೂವರೆ ಪುಟ ಚೆನ್ನಾಗಿಯೇ ಬರೆದಿದ್ದೆ. ಚಿಕ್ಕಮ್ಮ ಓದಿದಳು. ಲಿಫ್ಟ್ ಬಿದ್ದಾಗ ಅವಳೂ ಅಲ್ಲಿರಲಿಲ್ಲ, ನಾನೂ ಇರಲಿಲ್ಲ, ನೋಡಿದ್ದನ್ನು ಮಾತ್ರ ಬರೆ ಎಂದಳು. ಆ ಒಂದೂವರೆ ಪುಟ ಈಗಿಲ್ಲ. ಓದುಗರೇ, ನಿಮಗೇನೂ ನಷ್ಟವಿಲ್ಲ. ನನಗೆ ಸ್ವಲ್ಪ ಇದೆ.

ಸರಿ, ಅವಳು ನೋಡಿದ್ದರಿಂದಲೇ ಶುರು.

೧

ನನ್ನ ಚಿಕ್ಕಮ್ಮ ಕೋರ್ಟಿನಲ್ಲಿ ಚಿತ್ರ ಬರೆಯುವವಳು. ಒಳಗೆ ಕ್ಯಾಮೆರಾ ಬಿಡುವುದಿಲ್ಲವಾದ್ದರಿಂದ ಪತ್ರಿಕೆಯವರು ಅವಳನ್ನು ಕಳಿಸುತ್ತಾರೆ. ಇಪ್ಪತ್ತೆರಡು ವರ್ಷದಿಂದ ಅದೇ ಎರಡನೇ ಸಾಲಿನ ಬೆಂಚು, ತೊಡೆಯ ಮೇಲೆ ಹಲಗೆ, ಉಕ್ಕಿನ ನಿಬ್ಬಿನ ಪೆನ್ನು, ಕಪ್ಪು ಇಂಕು. ಇಂಕಿಗೆ ಕಪ್ಪು ಬಿಳುಪಿನ ನಡುವಿನ ಬಣ್ಣ ಗೊತ್ತಿಲ್ಲ. ನೆರಳು ಬೇಕೆಂದರೆ ಗೆರೆಯ ಪಕ್ಕ ಗೆರೆ ಎಳೆಯುತ್ತ ಹೋಗಬೇಕು. ಒತ್ತಾಗಿ ಎಳೆದರೆ ಗಾಢ, ಬಿಡಿಬಿಡಿಯಾಗಿ ಎಳೆದರೆ ತೆಳು. (ಇಷ್ಟು ಗೊತ್ತಿದ್ದರೆ ಸಾಕು. ಉಳಿದದ್ದನ್ನು ಕಥೆ ಹೇಳದಿದ್ದರೆ ನನ್ನನ್ನು ಬೈಯಿರಿ.)

ಹದಿನಾಲ್ಕು ಮಹಡಿಯ ಕಟ್ಟಡವೊಂದರಲ್ಲಿ ಲಿಫ್ಟ್ ಬಿದ್ದು, ನಿವೃತ್ತರಾದ ಟೀಚರ್ ಒಬ್ಬರು ತೀರಿಕೊಂಡಿದ್ದರು. ಲಿಫ್ಟ್ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಮೇಲೆ ನಿರ್ಲಕ್ಷ್ಯದ ಆರೋಪ. ಕೇಬಲ್ ಸವೆದಿದೆ ಎಂದು ಎರಡು ಸಲ ಹೇಳಿದ್ದೆ ಎಂದ ಅವನು. ಹೇಳೇ ಇಲ್ಲ ಎಂದರು ಕಟ್ಟಡದವರು. ಮೊದಲ ವಿಚಾರಣೆ ನಡೆದದ್ದು ಹನ್ನೆರಡು ನಿಮಿಷ. ಅಷ್ಟರಲ್ಲಿ ಚಿಕ್ಕಮ್ಮ ನ್ಯಾಯಾಧೀಶರನ್ನೂ ಬರೆದಳು, ಕಟಕಟೆಯಲ್ಲಿ ನಿಂತ ಮೆಕ್ಯಾನಿಕ್‌ನನ್ನೂ ಬರೆದಳು. ಮರುದಿನ ಚಿತ್ರ ಮೊದಲ ಪುಟದಲ್ಲಿ ಬಂತು.

೨

ಅದರ ಮರುದಿನ ಮೆಕ್ಯಾನಿಕ್‌ನ ಅಕ್ಕ ಪತ್ರಿಕೆಯ ಕಚೇರಿಗೆ ಬಂದಳು. ಮರಗೆಲಸದ ಅಂಗಡಿಯಲ್ಲಿ ಮೇಜು ಕುರ್ಚಿಗಳಿಗೆ ಪಾಲಿಶ್ ಹಾಕುವ ಹೆಂಗಸು. ಬೆರಳುಗಳೆಲ್ಲ ಕಂದು. (ಎರಡನೇ ಡ್ರಾಫ್ಟಿನಲ್ಲಿ ಅವಳು ಅಳುತ್ತ ಬಂದಿದ್ದಳು. ನಿಜಕ್ಕೂ ಅತ್ತಿರಲಿಲ್ಲವಂತೆ. ಅವಳನ್ನು ಅಳಿಸಿದ್ದು ನಾನು. ಆ ಅಳುವನ್ನು ಅಳಿಸಿದ್ದೂ ನಾನೇ.)

ಚಿತ್ರ ಬರೆದವರು ಯಾರು ಎಂದು ಕೇಳಿ, ಚಿಕ್ಕಮ್ಮನ ಮುಂದೆ ಪತ್ರಿಕೆ ಬಿಡಿಸಿಟ್ಟಳು. ಇಂಥವರನ್ನು ಚಿಕ್ಕಮ್ಮ ಬೇಕಾದಷ್ಟು ನೋಡಿದ್ದಳು. ನಮ್ಮವನು ಹೀಗಿಲ್ಲ ಎನ್ನುತ್ತಾರೆ, ಬೆಳಕು ಹೇಗೆ ಬಿದ್ದಿತ್ತೋ ಹಾಗೆ ಬರೆದಿದ್ದೇನೆ ಎಂದು ಇವಳು ಹೇಳುತ್ತಾಳೆ, ಅಲ್ಲಿಗೆ ಮುಗಿಯುತ್ತದೆ. ಆದರೆ ಪಾಲಿಶ್ ಅಕ್ಕ ಆ ಮಾತು ಎತ್ತಲೇ ಇಲ್ಲ.

"ಮೂಗು, ಬಾಯಿ ಎಲ್ಲ ನನ್ನ ತಮ್ಮಂದೇ," ಎಂದಳು. "ಆದ್ರೆ ನ್ಯಾಯಾಧೀಶರ ಮುಖದಲ್ಲಿ ನಿಮ್ಮ ಗೆರೆ ಕೆನ್ನೆ ಜೊತೆ ತಿರುಗಿದೆ. ಇವನ ಮುಖದ ಮೇಲೆ ಸುಮ್ನೆ ಓರೆಯಾಗಿ ಎಳ್ಕೊಂಡು ಹೋಗಿದೀರಿ. ನಾವು ಮರ ಉಜ್ಜುವಾಗ ಎಳೆ ಯಾವ ಕಡೆ ಹೋಗಿದೆ ಅಂತ ನೋಡ್ಕೊಂಡು ಕೈ ಓಡಿಸ್ತೀವಿ. ಯಾರಿಗೂ ಬೇಡದ ಹಲಗೆ ಆದ್ರೆ ಮಾತ್ರ ಹೀಗೆ."

ಟೈಮ್ ಇರಲಿಲ್ಲ ಎಂದಳು ಚಿಕ್ಕಮ್ಮ.

"ನ್ಯಾಯಾಧೀಶರಿಗೆ ಇತ್ತಲ್ಲ."

ಜಗಳದ ದನಿಯಲ್ಲ, ಲೆಕ್ಕ ತಪ್ಪಿದ್ದನ್ನು ತೋರಿಸುವ ದನಿ. ಪತ್ರಿಕೆಯನ್ನು ಮೇಜಿನ ಮೇಲೇ ಬಿಟ್ಟು ಹೊರಟುಹೋದಳು.

ಚಿಕ್ಕಮ್ಮ ನೋಡಿದಳು. ಓರೆಗೆರೆಗಳು ಅವನ ಹಣೆಯ ಬದಿಯಿಂದ ಹೊರಟು ಕಣ್ಣಿನ ಗುಳಿ, ಕೆನ್ನೆ, ಗದ್ದ, ಕತ್ತು, ಅಂಗಿ ಎಲ್ಲವನ್ನೂ ದಾಟಿ ಕಟಕಟೆಯ ಮರದ ಮೇಲೂ ಅದೇ ಇಳಿಜಾರಿನಲ್ಲಿ ಹೋಗಿದ್ದವು. ಮುಖಕ್ಕೂ ಮರಕ್ಕೂ ಒಂದೇ ಗೆರೆ. ಅದರ ಪಾಡಿಗೆ ಬಿಟ್ಟರೆ ಅವಳ ಮಣಿಕಟ್ಟು ತಾನಾಗಿಯೇ ಎಳೆಯುವ ಓರೆ ಅದು. ನ್ಯಾಯಾಧೀಶರನ್ನು ನೂರಾರು ಸಲ ಬರೆದಿದ್ದಳು, ಅವರ ಕೆನ್ನೆಯ ಉಬ್ಬು ಕೈಗೆ ಗೊತ್ತಿತ್ತು. ಮೆಕ್ಯಾನಿಕ್‌ನನ್ನು ಅವಳು ನೋಡಿರಲೇ ಇಲ್ಲ. ಅವನ ಮೇಲೆ ಬಿದ್ದ ನೆರಳನ್ನು ಮಾತ್ರ ನೋಡಿದ್ದಳು.

ಮನೆಗೆ ಬಂದವಳೇ ಹಳೆಯ ಹಾಳೆಗಳ ಕಟ್ಟುಗಳನ್ನು ಕೆಳಗಿಳಿಸಿದಳು. ವಕೀಲರ, ನ್ಯಾಯಾಧೀಶರ ಮುಖಗಳು ದುಂಡಗಿದ್ದವು. ಕಟಕಟೆಯಲ್ಲಿ ನಿಂತವರಲ್ಲಿ ಹೆಚ್ಚಿನವರು ಓರೆಗೆರೆಯ ಹಿಂದೆ ಇದ್ದರು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ನನಗೂ ಹೇಳಿದ್ದು ನಾಲ್ಕನೇ ಡ್ರಾಫ್ಟ್ ಓದಿದ ಮೇಲೆ. ಅದರಲ್ಲಿ ನಾನು ಅವಳನ್ನು ಬಹಳ ಒಳ್ಳೆಯವಳನ್ನಾಗಿ ಮಾಡಿದ್ದೆ, ಅದನ್ನು ತಡೆಯಲಾಗದೆ ಹೇಳಿದಳು.

೪

(೩ ಎಲ್ಲಿ ಎಂದಿರಾ? ಅದರಲ್ಲಿ ಗೆರೆಗಳ ಬಗ್ಗೆ ಎರಡು ಪುಟದ ಪಾಠವಿತ್ತು. ನಿಮ್ಮ ಪುಣ್ಯ.)

ಎರಡನೇ ವಿಚಾರಣೆಗೆ ಅವಳು ನ್ಯಾಯಾಧೀಶರನ್ನು ಕೈಬಿಟ್ಟಳು. ಮೆಕ್ಯಾನಿಕ್ ಒಬ್ಬನನ್ನೇ, ಇಡಿಯಾಗಿ ಬರೆಯಲು ಕುಳಿತಳು. ಕತ್ತಿನಿಂದ ಶುರು. ಉರುಳೆಗೆ ದಾರ ಸುತ್ತಿದ ಹಾಗೆ ಗೆರೆ ಕತ್ತನ್ನು ಬಳಸಿ ಹೋಗಬೇಕು. ಕಟಕಟೆ ಎರಡು ಮೆಟ್ಟಿಲು ಎತ್ತರದಲ್ಲಿತ್ತು, ಅವಳು ಕೆಳಗಿನಿಂದ ನೋಡುತ್ತಿದ್ದಳು, ಆದ್ದರಿಂದ ಗೆರೆಗಳು ಕಮಾನಿನಂತೆ ಮೇಲಕ್ಕೆ ಬಾಗಿದವು. ಅವನು ಭಾರವನ್ನೆಲ್ಲ ಎಡಗಾಲಿನ ಮೇಲೆ ಬಿಟ್ಟು ನಿಂತಿದ್ದ. ಅಂಗಿಯ ಮಡಿಕೆಗಳು ಬಲಭುಜದಿಂದ ಎಡಸೊಂಟಕ್ಕೆ ಜಗ್ಗಿದ್ದವು. ಗೆರೆಯೂ ಆ ಜಗ್ಗಿದ ದಾರಿಯಲ್ಲೇ ಹೋಯಿತು. ಕತ್ತಲು ಬೇಕಾದ ಕಂಕುಳಲ್ಲಿ ಮಾತ್ರ ಒಂದರ ಮೇಲೊಂದು ಅಡ್ಡ ಎಳೆದಳು, ಅದೂ ಎರಡೇ ಪದರ.

ಮುಂಗೈಯನ್ನು ಸುತ್ತುವ ಗೆರೆ ಎಳೆಯಬೇಕಾದರೆ ಅದು ಹಿಂದಕ್ಕೆ ಎಲ್ಲಿ ಮರೆಯಾಗುತ್ತದೆ ಎಂಬುದು ತಿಳಿದಿರಬೇಕು. ತಿಳಿಯಬೇಕಾದರೆ ನೋಡಬೇಕು. ನಲವತ್ತು ನಿಮಿಷ ನೋಡಿದಳು. ಒಮ್ಮೆ ಅವನಿಗೆ ಗೊತ್ತಾಗಿ ನೆಟ್ಟಗೆ ನಿಂತ. ಅವನು ಮತ್ತೆ ಸಡಿಲವಾಗುವವರೆಗೂ ಪೆನ್ನು ಎತ್ತಿಕೊಂಡು ಕಾದಳು.

ಇಲ್ಲಿ ನನ್ನದೊಂದು ಆಸೆ ಇತ್ತು. ಚಿತ್ರದಲ್ಲಿ ಅವನ ಬಲಭುಜ ಮೇಲೇಳದ್ದು ಕಾಣುತ್ತದೆ, ಈ ಭುಜದವನು ಒಬ್ಬನೇ ಕೇಬಲ್ ಬದಲಿಸುವುದು ಹೇಗೆ ಎಂದು ವಕೀಲರು ಹಿಡಿದುಕೊಳ್ಳುತ್ತಾರೆ, ಕೇಸು ತಿರುಗುತ್ತದೆ. ಐದನೇ ಡ್ರಾಫ್ಟ್, ಸೊಗಸಾಗಿತ್ತು. ಚಿಕ್ಕಮ್ಮ ಓದಿ ಕನ್ನಡಕ ತೆಗೆದಳು.

"ನನ್ನ ಗೆರೆಯಿಂದ ಯಾರೂ ಕೇಸು ಗೆದ್ದಿಲ್ಲ. ಈ ಸುಳ್ಳು ಇರೋದಾದ್ರೆ ನಾನಿರಲ್ಲ."

ಎದ್ದು ಅಡುಗೆಮನೆಗೆ ಹೋದಳು. (ಪಾತ್ರ ಕಥೆ ಬಿಟ್ಟು ಅಡುಗೆಮನೆಗೆ ಹೋದರೆ ಲೇಖಕ ಹಿಂದೆಯೇ ಹೋಗಬೇಕಾಗುತ್ತದೆ. ಹೋದೆ. ಈರುಳ್ಳಿ ಹೆಚ್ಚಿಕೊಟ್ಟೆ.)

೫

ಸುದ್ದಿ ಸಂಪಾದಕರಿಗೆ ಹೊಸ ಚಿತ್ರ ಹಿಡಿಸಲಿಲ್ಲ. ಹಳೆಯದು ಓದುಗರಿಗೆ ಪರಿಚಯವಾಗಿದೆ, ಅದನ್ನೇ ಇನ್ನೊಮ್ಮೆ ಹಾಕೋಣ ಎಂದರು. ಹೊಸದರಲ್ಲಿ ಇವನು ಪಾಪದವನ ಥರ ಕಾಣುತ್ತಾನೆ ಎಂದೂ ಸೇರಿಸಿದರು.

"ಪಾಪದವನ ಥರಾನೂ ಕಾಣಲ್ಲ, ಪಾಪಿ ಥರಾನೂ ಕಾಣಲ್ಲ," ಎಂದಳು ಚಿಕ್ಕಮ್ಮ. "ಕತ್ತು, ಭುಜ ಇರೋ ಮನುಷ್ಯನ ಥರ ಕಾಣ್ತಾನೆ."

ಹಳೆಯದನ್ನೇ ಹಾಕುವುದಾದರೆ ತನ್ನ ಸಹಿ ತೆಗೆಯಿರಿ, ನಾಳೆಯಿಂದ ಆ ಬೆಂಚಿಗೆ ಬೇರೆ ಯಾರನ್ನಾದರೂ ಕಳಿಸಿ ಎಂದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಸಂಪಾದಕರು ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಜಾಗದ ಬಗ್ಗೆ, ತಮ್ಮ ತಲೆನೋವಿನ ಬಗ್ಗೆ ಒಂದಿಷ್ಟು ಗೊಣಗಿ ಹೊಸದನ್ನು ಒಪ್ಪಿದರು. ಒಳಪುಟದಲ್ಲಿ ಬಂತು, ಅಂಗೈಯಗಲ. ಕುಗ್ಗಿಸಿದ್ದರಿಂದ ಕತ್ತಿನ ಗೆರೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಚಿಕ್ಕಮ್ಮ ಬೈದುಕೊಂಡಳು, ಆದರೂ ಒಂದು ಪ್ರತಿ ಎತ್ತಿಟ್ಟಳು.

ಕೊನೆ, ಒಂದು: ಮೆಕ್ಯಾನಿಕ್ ಬಿಡುಗಡೆಯಾಗಿ ಮೆಟ್ಟಿಲಿಳಿದು ಬರುತ್ತಾನೆ.

ಕೊನೆ, ಎರಡು: ಶಿಕ್ಷೆಯಾಗುತ್ತದೆ. ಪಾಲಿಶ್ ಅಕ್ಕನ ಗೋಡೆಯಲ್ಲಿ ಚಿತ್ರ ಮಾತ್ರ ಇರುತ್ತದೆ.

ಎರಡನ್ನೂ ಬರೆದಿದ್ದೇನೆ. ತೀರ್ಪು ಬಂದಾಗಿದೆ, ಯಾವುದು ನಡೆಯಿತು ಎಂಬುದು ನನಗೆ ಗೊತ್ತು. ಹೇಳಬೇಡ ಎಂದಳು ಚಿಕ್ಕಮ್ಮ.

"ಬಿಡುಗಡೆ ಅಂದ್ರೆ ಎರಡನೇ ಚಿತ್ರ ಸರಿ ಅಂತಾರೆ. ಶಿಕ್ಷೆ ಅಂದ್ರೆ ಮೊದಲನೇದೇ ಸರಿ ಇತ್ತು ಅಂತಾರೆ. ಶಿಕ್ಷೆ ಆದವನ ಕೆನ್ನೆನೂ ದುಂಡಗೇ ಇರುತ್ತೆ."

ಇಡೀ ಕಥೆಯಲ್ಲಿ ನಾನು ವಾದಿಸದೆ ಒಪ್ಪಿದ ಮಾತು ಇದೊಂದೇ. ಹಾಗಾಗಿ ತೀರ್ಪಿಲ್ಲ. ತೀರ್ಪಿಗೂ ಮೊದಲು ನಡೆದದ್ದು ಒಂದು ಬಾಕಿ ಇದೆ.

ಎರಡನೇ ಚಿತ್ರದ ಮೂಲ ಹಾಳೆಯನ್ನು ಚಿಕ್ಕಮ್ಮ ಮರಗೆಲಸದ ಅಂಗಡಿಗೆ ಒಯ್ದಳು. ಪಾಲಿಶ್ ಅಕ್ಕ ಕೈ ಒರೆಸಿಕೊಂಡು, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕಾಗದಕ್ಕೆ ತಾಗದಂತೆ ಬೆರಳನ್ನು ಕತ್ತಿನ ಸುತ್ತ, ಭುಜದ ಮೇಲೆ, ತೋಳಿನ ಕೆಳಗೆ ಓಡಿಸಿದಳು. ಕತ್ತು ಬಂದಿದೆ ಎಂದಳು. ಭುಜವೂ ಬಂದಿದೆ ಎಂದಳು. ಆಮೇಲೆ ಬೆರಳು ನಿಂತಿತು.

"ಕಿವಿ ಹಿಂದೆ ಮಾತ್ರ ಅವಸರ ಮಾಡಿದೀರಿ."

ಚಿಕ್ಕಮ್ಮ ಬಗ್ಗಿ ನೋಡಿದಳು. ಹೌದು, ಅಲ್ಲಿ ಆರೇಳು ಓರೆಗೆರೆಗಳು ಉಳಿದುಕೊಂಡಿದ್ದವು. ಅವನ ಕಿವಿ ಹೇಗಿದೆ ಎಂದು ಕೇಳಿದಳು.

"ನಮ್ಮಿಬ್ಬರದೂ ಒಂದೇ ಥರ. ಅಪ್ಪಂದು," ಎಂದು ಪಾಲಿಶ್ ಅಕ್ಕ ಕಾಲು ಕುಂಟುವ ಸ್ಟೂಲೊಂದನ್ನು ಎಳೆದು, ಕಿಟಕಿಗೆ ಬೆನ್ನು ಕೊಟ್ಟು ಕುಳಿತು, ಕೂದಲನ್ನು ಒಂದೇ ಕೈಯಲ್ಲಿ ಮೇಲೆತ್ತಿದಳು.

ಚಿಕ್ಕಮ್ಮ ಇಂಕಿನ ಬಾಟಲಿಯ ಮುಚ್ಚಳ ತಿರುಗಿಸಿದಳು.

ಓದುಗರೇ, ಮುಗಿಯಿತೇ ಎಂದು ನನ್ನನ್ನು ಕೇಳಬೇಡಿ. ಪಾಲಿಶ್ ಅಕ್ಕನಿಗೆ ಅಲುಗಾಡಬೇಡ ಎಂದಿದ್ದಾಳೆ ಚಿಕ್ಕಮ್ಮ. ಸ್ವಲ್ಪ ಬೆಳಕು ಬಿಟ್ಟು ನಿಲ್ಲಿ.