ಕೈಲಾಸನ ಸರ್ಕಲ್ಲು

“ಏಯ್ ಮುದುಕಿ, ಎತ್ತೇ ನಿನ್ ಸೊಪ್ಪಿನ್ ಗುಡ್ಡೆನ! ಎಷ್ಟ್ ಸಲ ಬೊಗಳ್ಬೇಕು ನಿಂಗೆ?”

ಹೊಸ ಕಾನ್‌ಸ್ಟೇಬಲ್ ಬೂಟಿನ ತುದಿಯಿಂದ ಬುಟ್ಟಿಯನ್ನು ನೂಕಿದ. ಮೇಲಿದ್ದ ಮೆಂತ್ಯದ ಕಟ್ಟುಗಳು ಉರುಳಿ ಚರಂಡಿಯ ಕಲ್ಲಿನ ಮೇಲೆ ಬಿದ್ದವು. ಶಿವವ್ವ ಅವಸರ ಮಾಡಲಿಲ್ಲ. ಒಂದೊಂದೇ ಕಟ್ಟು ಎತ್ತಿ, ಕೊಡವಿ, ಮತ್ತೆ ಜೋಡಿಸಿದಳು. ಆಮೇಲೆ ಅವನನ್ನು ಕಾಲಿಂದ ತಲೆಯವರೆಗೆ ನೋಡಿದಳು.

“ಬೊಗಳೋದ್ಯಾಕಪ್ಪ, ಬಾಯಲ್ಲೇ ಹೇಳು. ಪ್ಯಾಂಟು ಸೊಂಟದ ಮ್ಯಾಲೆ ನಿಲ್ತಿಲ್ಲ ನೋಡು. ಬೆಲ್ಟಿಗೆ ಇನ್ನೊಂದು ತೂತು ಹಾಕುಸ್ಕೊ. ನಮ್ಮನ್ನ ಅಟ್ಟುಸ್ಕಂಡು ಓಡೋವಾಗ ಜಾರೋದ್ರೆ ಮಾನ ಹೋಗೋದು ನಂದಲ್ಲ.”

ಪಕ್ಕದಲ್ಲಿ ಹೂವು ಕಟ್ಟುತ್ತಿದ್ದ ಅಕ್ಕಯಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

“ಮುಚ್ಚೇ ಮುದಿ ಮುಂಡೆ!” ಅವನು ಲಾಠಿ ಎತ್ತಿದ.

“ಲೇ ಅಯೋಗ್ಯ, ಇಳಿಸೋ ಕೈನ!” ರಸ್ತೆಯ ಆ ಕಡೆಯಿಂದ ಎ.ಎಸ್.ಐ. ಚಿದಾನಂದ ಓಡಿ ಬಂದ. “ಅವ್ರು ಯಾರು ಗೊತ್ತೇನೋ? ಕೈಲಾಸನ ತಾಯಿ.”

ಎತ್ತಿದ ಕೈ ಅಲ್ಲೇ ನಿಂತಿತು. ಕೈಲಾಸನ ಫೋಟೊ ಸ್ಟೇಷನ್ನಿನ ಬಾಗಿಲಲ್ಲೇ ಇತ್ತು. ದಿನಾ ಒಳಗೆ ಹೋಗುವಾಗ ಈ ಹುಡುಗ ಅದಕ್ಕೆ ಸೆಲ್ಯೂಟ್ ಹೊಡೆಯುತ್ತಿದ್ದ.

“ಗೊತ್ತಾಗ್ಲಿಲ್ಲ ಅಮ್ಮ,” ಎಂದ.

“ಎಂಗ್ ಗೊತ್ತಾದದು? ಫೋಟೊದಾಗೆ ನಾನಿಲ್ವಲ್ಲ.”

ಚಿದಾನಂದ ಅವಳ ಎದುರು ಕುಕ್ಕರುಗಾಲಲ್ಲಿ ಕೂತ. “ಅಮ್ಮ, ನಾಳೆ ಕೈಲಾಸನದೇ ಪ್ರೋಗ್ರಾಂ. ಈ ಸರ್ಕಲ್‌ಗೆ ಅವನ ಹೆಸ್ರಿಡ್ತಾರಲ್ಲ, ನಮ್ ಡಿಪಾರ್ಟ್‌ಮೆಂಟಿನ ದೊಡ್ಡ ಸಾಹೇಬ್ರು ಬರ್ತಾರೆ. ಅದಕ್ಕೇ ಫುಟ್‌ಪಾತ್ ಖಾಲಿ ಮಾಡ್ಸಿ ಅಂತ ಆರ್ಡರ್ ಆಗಿದೆ.”

“ನಾಳೆ ಒಂದಿನವಾ?”

ಚಿದಾನಂದ ಮೆಂತ್ಯದ ಎಲೆಯೊಂದನ್ನು ಬೆರಳಲ್ಲಿ ಹೊಸಕಿದ. “ನಾಳೆಯಿಂದ,” ಎಂದ. “ಇಲ್ಲೆಲ್ಲ ಹೂಕುಂಡ ಇಡ್ತಾರಂತೆ.”

“ಅಂಗಾರೆ ನನ್ ಮಗನ್ನ ಕೂರ್ಸಾಕೆ ನನ್ನ ಎಬ್ಬಿಸ್ತಾವ್ರೆ ಅನ್ನು.”

ಚಿದಾನಂದ ಎದ್ದು ನಿಂತ. ಶಿವವ್ವನ ಮುಖ ನೋಡಿ ಮಾತಾಡಲು ಅವನಿಗೆ ಆಗುತ್ತಿರಲಿಲ್ಲ, ಅದಕ್ಕೆ ಕಾರಣವೂ ಇತ್ತು. ಹೋದ ವರ್ಷ ಬನಶಂಕರಿಯ ರಿಂಗ್ ರೋಡಿನಲ್ಲಿ ಕುಡಿದು ಗಾಡಿ ಓಡಿಸುವವರನ್ನು ಹಿಡಿಯುವ ಡ್ಯೂಟಿಯಲ್ಲಿ ಅವನೂ ಕೈಲಾಸನೂ ಜೊತೆಗಿದ್ದರು. ಒಂದು ಕಾರು ನಿಲ್ಲಲಿಲ್ಲ. ಬ್ಯಾರಿಕೇಡನ್ನು ಗುದ್ದಿಕೊಂಡೇ ಬಂತು. ಕೈಲಾಸ ಚಿದಾನಂದನ ಕಾಲರ್ ಹಿಡಿದು ಆಚೆಗೆ ಎಳೆದೆಸೆದ. ತಾನು ಸರಿಯುವಷ್ಟರಲ್ಲಿ ಕಾರು ಅವನ ಮೇಲಿತ್ತು.

ಸರ್ಕಾರಿ ಗೌರವ ಚೆನ್ನಾಗಿಯೇ ಆಯಿತು. ಬಂದೂಕು ಹಾರಿಸಿದಾಗ ಶಿವವ್ವ ಹೆಣದ ಮೇಲೆ ಅಡ್ಡ ಬಿದ್ದಳು. ಸತ್ತವನನ್ನು ಇವರು ಮತ್ತೆ ಯಾಕೆ ಹೊಡೆಯುತ್ತಿದ್ದಾರೆ ಎಂದು ಅವಳಿಗೆ ಗಾಬರಿಯಾಗಿತ್ತು. ತಿಥಿ ಮುಗಿಯುವ ಮೊದಲೇ ಕಾರಿನವನಿಗೆ ಜಾಮೀನು ಸಿಕ್ಕಿತು. ಬಂದ ಪರಿಹಾರವನ್ನೆಲ್ಲ ಮೊಮ್ಮಗಳ ಹೆಸರಿಗೆ ಹಾಕಿಸಿ ಶಿವವ್ವ ಬುಟ್ಟಿ ಹೊತ್ತು ತನ್ನ ಮೂಲೆಗೆ ವಾಪಸ್ಸಾದಳು. ತಿಲಕ್ ನಗರದ ಗಲ್ಲಿ ಮುಗಿದು ಜಯನಗರದ ಮರಗಳ ನೆರಳು ಶುರುವಾಗುವ ಮೂಲೆ ಅದು. ಸೊಪ್ಪು ಬಾಡದಿರಲು ನೆರಳು ಬೇಕು.

ಸಂಜೆ ಶಿವವ್ವನ ಶೀಟಿನ ಮನೆಗೆ ಇಬ್ಬರು ದೊಡ್ಡವರು ಬಂದರು. ಒಬ್ಬರು ನಾಗರಿಕರ ಸಂಘದ ಅಧ್ಯಕ್ಷ ಗುಂಡಣ್ಣನವರು, ಬ್ಯಾಂಕಿನಿಂದ ನಿವೃತ್ತರಾದವರು. ಇನ್ನೊಬ್ಬ ರವಿಕಿರಣ್. ಬಡಾವಣೆ ಹುಟ್ಟುವ ಮೊದಲು ಅಲ್ಲಿನ ಹೊಲಗಳೆಲ್ಲ ಅವನ ತಾತನವು. ಈಗ ಸಾಲು ಸಾಲು ಬಾಡಿಗೆ ಮನೆಗಳು ಅವನವು. ಮುಂದಿನ ಚುನಾವಣೆಯಲ್ಲಿ ವಾರ್ಡೂ ತನ್ನದಾಗಲಿ ಎಂಬ ಸಣ್ಣ ಆಸೆ ಅವನಿಗೆ.

ಸೊಸೆ ಅರ್ಪಿತ ಎರಡು ಲೋಟ ನೀರು ತಂದಳು.

“ಈಗಷ್ಟೇ ಮನೇಲಿ ಕುಡ್ಕೊಂಡು ಬಂದೆ ಕಣಮ್ಮ,” ಎಂದರು ಗುಂಡಣ್ಣನವರು.

“ನಂಗ್ ಬೇಡ. ಶುಗರ್ ಐತೆ,” ಎಂದ ರವಿಕಿರಣ್.

“ನಿಮ್ಮನೇಲಿ ನೀರ್ಗೂ ಸಕ್ಕರೆ ಹಾಕ್ತಾರಾ ಗೌಡ್ರೆ?” ಎಂದು ಕೇಳಿದಳು ಶಿವವ್ವ. ಅರ್ಪಿತ ಅತ್ತೆಯ ಮೊಣಕೈ ಚಿವುಟಿದಳು.

ಗುಂಡಣ್ಣನವರು ಗಂಟಲು ಸರಿಮಾಡಿಕೊಂಡು ಒಂದು ಕವರು ಚಾಚಿದರು. ಒಳಗೆ ಜರಿ ಅಂಚಿನ ಸೀರೆ ಇತ್ತು. “ನಾಳೆ ಇದುಟ್ಕೊಂಡು ಬಾಮ್ಮ. ಸ್ಟೇಜ್ ಮೇಲೆ ನಿಂಗೂ ಒಂದು ಚೇರ್ ಹಾಕ್ಸಿದೀವಿ. ಆದ್ರೆ ಒಂದು ವಿಷ್ಯ. ಪೇಪರ್‌ನವರು ಕೇಳಿದ್ರೆ ಸೊಪ್ಪಿನ ವ್ಯಾಪಾರದ್ದೆಲ್ಲ ಹೇಳೋಕ್ಕೆ ಹೋಗ್ಬೇಡ. ವೀರನ ತಾಯಿ ಫುಟ್‌ಪಾತ್‌ನಲ್ಲಿ ಕೂತಿದಾಳೆ ಅಂದ್ರೆ ಇಡೀ ಬಡಾವಣೆಗೇ ಅವಮಾನ.”

“ನಿಮ್ಮನೆಯೋರು ದಿನಾ ನನ್ ತಾವೇ ದಂಟು ತಗತಾರಲ್ಲ ಸಾಮಿ. ಅವ್ರಿಗೆ ಇಷ್ಟು ದಿನ ಅವಮಾನ ಆಗ್ಲಿಲ್ವಾ?”

“ನೋಡು ಶಿವವ್ವ,” ರವಿಕಿರಣ್ ಮೊಬೈಲ್ ನೋಡುತ್ತಲೇ ಹೇಳಿದ. “ನಿಮ್ ಮಾವ ನಮ್ ತಾತನ ತಾವ ಜೀತಕ್ಕಿದ್ದೋನು. ಅಂಥೋನ ಮೊಮ್ಮಗನ ಹೆಸ್ರು ಜಯನಗರದಲ್ಲಿ ಸರ್ಕಲ್‌ಗೆ ಇಡ್ತಿದೀವಿ. ಇನ್ನೇನ್ ಬೇಕು ನಿಂಗೆ?”

ಶಿವವ್ವ ಸೀರೆಯ ಅಂಚನ್ನು ಸವರಿ ನೋಡುತ್ತಿದ್ದವಳು ಕೈ ನಿಲ್ಲಿಸಿದಳು.

“ನಿಜ ಗೌಡ್ರೆ. ನಮ್ ಮಾವ ಆ ನೆಲ ಉಳೋವಾಗ ಏಳು ಅಂತ ಒಂದಿನಾನೂ ಯಾರೂ ಅನ್ನಲಿಲ್ಲ. ಕತ್ತಲಾದ್ರೂ ಅನ್ನಲಿಲ್ಲ. ಅವ್ನ ಸೊಸೆ ಅದೇ ನೆಲದ ಮ್ಯಾಲೆ ಕುಂತ್ರೆ ಮಾತ್ರ ನಿಮ್ಗೆ ಏಳ್ಸೋದು ಗ್ಯಾಪ್ಕ ಬತ್ತದೆ.”

ಇಬ್ಬರೂ ಎದ್ದರು. ಮುಟ್ಟದ ಲೋಟಗಳು ಅಲ್ಲೇ ಉಳಿದವು. ಅವರು ಹೋದ ಮೇಲೆ ಅರ್ಪಿತ ಅಳುವ ದನಿಯಲ್ಲಿ ಹೇಳಿದಳು: “ಅತ್ತೆ, ನಿಮ್ ಕಾಲಿಗೆ ಬೀಳ್ತೀನಿ, ನಾಳೆ ಏನೂ ಮಾತಾಡ್ಬೇಡಿ. ಅನುಕಂಪದ ಕೆಲ್ಸದ್ದು ನನ್ ಫೈಲು ಇನ್ನೂ ದೊಡ್ಡ ಸಾಹೇಬ್ರ ಟೇಬಲ್ ಮೇಲೇ ಇದೆ.”

“ಇಲ್ಲ ಕಣವ್ವ,” ಎಂದಳು ಶಿವವ್ವ. ಆ ಹೊತ್ತಿಗೆ ಅವಳು ನಿಜವಾಗಿಯೇ ಹಾಗೆ ಅಂದುಕೊಂಡಿದ್ದಳು.

ಬೆಳಿಗ್ಗೆ ಸರ್ಕಲ್ಲು ಮದುವೆ ಮನೆಯಂತಿತ್ತು. ಶಾಮಿಯಾನ, ನೀಲಿ ಬಟ್ಟೆ ಹೊದಿಸಿದ ಕುರ್ಚಿಗಳು, ಕೆಂಪು ಪರದೆಯ ಹಿಂದೆ ಹೊಸ ಕಲ್ಲು. ಶಿವವ್ವ ಕೂರುತ್ತಿದ್ದ ಜಾಗದಲ್ಲಿ ಕ್ರೋಟನ್ ಗಿಡಗಳ ಕುಂಡಗಳು. ರಸ್ತೆಯ ತುದಿಯಲ್ಲಿ ಹಳದಿ ಬ್ಯಾರಿಕೇಡು, ಅದರ ಕಾವಲಿಗೆ ನಿನ್ನೆಯ ಹೊಸ ಕಾನ್‌ಸ್ಟೇಬಲ್. ಅದರಾಚೆ ಅಕ್ಕಯಮ್ಮ, ನಿಂಬೆಹಣ್ಣಿನವರು, ಎಳನೀರಿನವರು, ಕಡಲೆಕಾಯಿಯವರು, ಎಲ್ಲರೂ ತಂತಮ್ಮ ಬುಟ್ಟಿ ಚೀಲಗಳ ಸಮೇತ ನಿಂತಿದ್ದರು. ಶಿವವ್ವನ ಬುಟ್ಟಿಯನ್ನೂ ಅಕ್ಕಯಮ್ಮ ಹೊತ್ತು ತಂದಿದ್ದಳು. ಮುಂಜಾನೆಯೇ ಕೊಂಡ ಸೊಪ್ಪನ್ನು ಶೋಕಕ್ಕೆಂದು ಬಾಡಲು ಬಿಡಲಾಗುತ್ತದೆಯೇ?

ಪುರೋಹಿತರು ದೀಪದ ಕಂಬದ ಮುಂದೆ ನಿಂತು, “ದೀಪ ಹಚ್ಚೋದಕ್ಕೆ ಮನೆಯವರು ಬನ್ನಿ,” ಎಂದರು. ಶಿವವ್ವನೂ ಮಗುವನ್ನು ಎತ್ತಿಕೊಂಡ ಅರ್ಪಿತಳೂ ಎದ್ದು ಎರಡು ಹೆಜ್ಜೆ ಮುಂದೆ ಬಂದರು. ಪುರೋಹಿತರು ಇಬ್ಬರ ಹಣೆಗಳನ್ನೂ ನೋಡಿ ಬತ್ತಿಯನ್ನು ಹಿಂದಕ್ಕೆ ಎಳೆದುಕೊಂಡರು. “ಅಂದ್ರೆ... ಸುಮಂಗಲಿಯರು ಯಾರಾದ್ರೂ.” ಕೊನೆಗೆ ಗುಂಡಣ್ಣನವರ ಹೆಂಡತಿ ಸೀತಾಲಕ್ಷ್ಮಿ ಬಂದು ಹಚ್ಚಿದರು. ದಿನಾ ಶಿವವ್ವನ ಹತ್ತಿರ ದಂಟಿನ ಸೊಪ್ಪಿಗೆ ಚೌಕಾಸಿ ಮಾಡುವವರು ಇವರೇ. ಈಗ ಅವಳ ಕಡೆ ನೋಡಲೂ ಇಲ್ಲ.

ದೊಡ್ಡ ಸಾಹೇಬರು ಪರದೆ ಸರಿಸಿದರು. ಚಪ್ಪಾಳೆ.

“ಏನ್ ಬರೆದವ್ರೆ?” ಶಿವವ್ವ ಪಿಸುಗುಟ್ಟಿದಳು.

ಅರ್ಪಿತ ಓದಿದಳು. “ನಿಮ್ ಮಗನ ಹೆಸರು ಮೇಲಿದೆ ಅತ್ತೆ. ಕೆಳಗೆ ರವಿಕಿರಣ್ ಅವರ ಹೆಸರು... ಸ್ವಲ್ಪ ದೊಡ್ಡದಾಗಿದೆ.”

“ಇರ್ಲಿ ಬಿಡು. ಬದುಕಿರೋರು. ಜಾಗ ಜಾಸ್ತಿ ಬೇಕಾಯ್ತದೆ.”

ಭಾಷಣಗಳಾದವು. ರವಿಕಿರಣ್ ಮಾತಾಡುತ್ತ, ಕೈಲಾಸ್ ಅವರ ಕನಸಿನ ಸ್ವಚ್ಛ ಫುಟ್‌ಪಾತ್ ಇಂದಿನಿಂದ ನನಸಾಗಿದೆ ಎಂದ. ಶಿವವ್ವ ಆಗ ತಲೆ ಎತ್ತಿದಳು. ತನ್ನ ಮಗನಿಗೆ ಇಂಥದೊಂದು ಕನಸು ಬಿದ್ದದ್ದು ಅವಳಿಗೆ ಗೊತ್ತೇ ಇರಲಿಲ್ಲ.

ಗುಂಡಣ್ಣನವರು ಅವಳ ಮುಂದೆ ಮೈಕು ಹಿಡಿದು ಕಿವಿಯಲ್ಲಿ, “ಧನ್ಯವಾದ ಅಂದ್ರೆ ಸಾಕು,” ಎಂದರು.

“ಧನ್ಯವಾದ,” ಎಂದಳು ಶಿವವ್ವ. ಗುಂಡಣ್ಣನವರು ಮೈಕು ತೆಗೆಯಲು ಹೋದರು. ಶಿವವ್ವ ಹಿಡಿದುಕೊಂಡಿದ್ದಳು, ಅದು ಬರಲಿಲ್ಲ. ಸೊಪ್ಪಿನ ಮೂಟೆ ಹೊತ್ತ ಕೈ ಅದು.

“ಫುಟ್‌ಪಾತಿನ ಇಸ್ಯ ಬಂತು ಅಂತ ಹೇಳ್ತೀನಿ. ನನ್ ಮಗ ಪೋಲೀಸ್ ಆದ್ಮ್ಯಾಲೆ ಈ ಸ್ಟೇಸನ್ನಿಗೆ ಬಂದು ಮಾಡಿದ ಮೊದ್ಲನೇ ಡೂಟಿ ಯಾವ್ದು ಗೊತ್ತಾ? ನನ್ನ ಎಬ್ಸೋದು.”

ಜನ ನಕ್ಕರು.

“ಲಾಠಿ ಹಿಡ್ಕಂಡು ಬಂದು ಇಲ್ಲೇ ನಿಂತ. ಮೀಸೆ ಬೇರೆ ತಿರುವ್ಕಂಡಿದ್ದ. ‘ಏಳವ್ವ, ಸಾಯೇಬ್ರು ಬತ್ತಾವ್ರೆ’ ಅಂದ. ‘ಥೂ ನನ್ ಮಗ್ನೆ, ಸೊಪ್ಪು ಮಾರಿ ಓದ್ಸಿದ್ದು ನನ್ನೇ ಓಡ್ಸಾಕಾ’ ಅಂತ ಒಂದು ಕಟ್ಟು ತಗದು ಎಸ್ದೆ. ಟೋಪಿ ಬಿದ್ದೋಯ್ತು.”

ದೊಡ್ಡ ಸಾಹೇಬರ ತುಟಿಯೂ ಅರಳಿತು.

“ಟೋಪಿ ಎತ್ಕಂಡ. ಕಟ್ನೂ ಎತ್ತಿ ಬುಟ್ಟಿಗಿಟ್ಟ. ಆಮ್ಯಾಕೆ ನಮ್ಗೆಲ್ಲ ಬೆನ್ನು ಮಾಡಿ, ರೋಡಿನ ಕಡೆ ಮಕ ಮಾಡ್ಕಂಡು ನಿಂತ. ಸಾಯೇಬ್ರು ಬಂದ್ರು, ಅವ್ವ ಅಕ್ಕ ಅಂತ ಬೋದ್ರು. ಬೈಸ್ಕಂಡ. ನಮ್ಮನ್ನ ಏಳ್ಸಲಿಲ್ಲ. ನೀವೆಲ್ಲ ಅವ್ನ ವೀರ ಅಂತೀರ, ಇರ್ಬೋದು. ರಿಂಗ್ ರೋಡಲ್ಲಿ ನಾನಿರಲಿಲ್ಲ. ನಾನು ಕಣ್ಣಾರೆ ಕಂಡ ಧೈರ್ಯ ಇದೊಂದೇ.”

ಈಗ ಯಾರೂ ನಗಲಿಲ್ಲ. ಗುಂಡಣ್ಣನವರು ಮೈಕು ಕಿತ್ತುಕೊಂಡು ಅವಸರದಲ್ಲಿ, “ಈಗ ವೀರ ಕೈಲಾಸ್ ಅವರಿಗೆ ಎರಡು ನಿಮಿಷ ಮೌನ. ಎಲ್ಲರೂ ಎದ್ದು ನಿಲ್ಲಬೇಕು. ದಯವಿಟ್ಟು ಯಾರೂ ಮಾತಾಡಬಾರದು, ಅಲ್ಲಾಡಬಾರದು,” ಎಂದರು.

ತಲೆಗಳೆಲ್ಲ ಬಾಗಿದವು. ಶಿವವ್ವ ಸುತ್ತ ನೋಡಿದಳು. ಸಾಹೇಬರು, ಗೌಡರು, ಸಾಮಿಗಳು, ಪೊಲೀಸರು, ಎಲ್ಲರೂ ಬಾಯಿ ಮುಚ್ಚಿ ನಿಂತಿದ್ದಾರೆ. ಇಷ್ಟೊಂದು ದೊಡ್ಡವರು ಒಟ್ಟಿಗೆ ಬಾಯಿ ಮುಚ್ಚಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಅವಳು ಸೊಸೆಯ ಕಡೆ ತಿರುಗಿದಳು. ಅರ್ಪಿತ ಬೇಡವೆಂದು ಮೆಲ್ಲಗೆ ತಲೆಯಾಡಿಸಿದಳು. ಶಿವವ್ವ ಕಾದಳು. ಅರ್ಪಿತ ಕಲ್ಲಿನ ಮೇಲಿನ ಅಕ್ಷರಗಳನ್ನು ಒಮ್ಮೆ ನೋಡಿ, ಮಗುವನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿ, ಅತ್ತೆಗೆ ದಾಟಲು ದಾರಿಯಾಗುವಂತೆ ಹಿಂದೆ ಸರಿದಳು.

ಶಿವವ್ವ ಜರಿ ಸೀರೆಯ ನೆರಿಗೆ ಎತ್ತಿ ಕಟ್ಟಿ ಮೆಟ್ಟಿಲಿಳಿದಳು. ನೇರ ಬ್ಯಾರಿಕೇಡಿಗೆ ಹೋಗಿ ಅದನ್ನು ಪಕ್ಕಕ್ಕೆ ತಳ್ಳಿದಳು. ತುಕ್ಕು ಹಿಡಿದ ಚಕ್ರ ಇಡೀ ಸರ್ಕಲ್ಲಿಗೆ ಕೇಳುವಂತೆ ಕಿರ್ರೆಂದಿತು. ಹೊಸ ಕಾನ್‌ಸ್ಟೇಬಲ್ ದಿಗಿಲಿನಿಂದ ಚಿದಾನಂದನ ಕಡೆ ನೋಡಿದ. ಚಿದಾನಂದ ಕಣ್ಣು ಮುಚ್ಚಿ ನಿಂತಿದ್ದ. ಹುಡುಗನೂ ಕಣ್ಣು ಮುಚ್ಚಿದ.

ಅಕ್ಕಯಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಬಂದಳು. ಹಿಂದೆಯೇ ಉಳಿದವರು. ಕ್ರೋಟನ್ ಕುಂಡಗಳು ಒಂದೊಂದಾಗಿ ಗೋಡೆಯ ಕಡೆ ಸರಿದವು. ಗೋಣಿತಾಟುಗಳು ಬಿಚ್ಚಿಕೊಂಡವು. ಶಿವವ್ವ ಕಲ್ಲಿನ ಬುಡದಲ್ಲೇ ಕೂತು ಸೊಪ್ಪಿನ ಮೇಲೆ ನೀರು ಚಿಮುಕಿಸಿದಳು.

ದೊಡ್ಡ ಸಾಹೇಬರು ಬಾಗಿದ ತಲೆಯಲ್ಲೇ ಎಲ್ಲವನ್ನೂ ನೋಡಿದರು. ಅವರ ಕಿವಿ ಕೆಂಪಗಾಯಿತು. ಟಿ.ವಿ.ಯವರ ಕ್ಯಾಮೆರಾ ಇತ್ತು, ಕೂಗುವಂತಿರಲಿಲ್ಲ. ರವಿಕಿರಣ್ ತಡೆಯಲಾರದೆ ಗುಂಡಣ್ಣನವರ ಕಡೆ ಬಗ್ಗಿ, “ಏನ್ರೀ ಇದು, ಈ ಬೋಳಿಮಕ್ಳು ಕೂತೇ ಬಿಟ್ರಲ್ರೀ,” ಎಂದು ಪಿಸುಗುಟ್ಟಿದ. ಗುಂಡಣ್ಣನವರ ಕೈಯಲ್ಲಿ ಮೈಕು ಇನ್ನೂ ಆನ್ ಆಗಿತ್ತು.

ಮೌನ ಮುಗಿಯಿತೆಂದು ಗುಂಡಣ್ಣನವರು ಘೋಷಿಸುವ ಹೊತ್ತಿಗೆ ವ್ಯಾಪಾರಕ್ಕೆ ಎಲ್ಲ ಸಿದ್ಧವಾಗಿತ್ತು. ಜನ ತಲೆ ಎತ್ತಿದರು. ಸಾಹೇಬರು ಮೆಟ್ಟಿಲಿಳಿದು ಬಂದು ತಗ್ಗಿದ ದನಿಯಲ್ಲಿ ಹೇಳಿದರು: “ಚಿದಾನಂದ್, ಎಬ್ಸಿ ಇವ್ರನ್ನ.”

ಚಿದಾನಂದ ತಲೆ ಎತ್ತಲಿಲ್ಲ. ಕಣ್ಣು ಮುಚ್ಚಿ, ಕೈ ಕಟ್ಟಿ, ನಿಂತಂತೆಯೇ ನಿಂತಿದ್ದ. ಅವನನ್ನು ನೋಡಿ, ಎತ್ತಿದ್ದ ತಲೆಯನ್ನು ಹೊಸ ಕಾನ್‌ಸ್ಟೇಬಲ್ ಮತ್ತೆ ಬಾಗಿಸಿದ. ಪಕ್ಕದ ಇಬ್ಬರು ಪೊಲೀಸರೂ ಬಾಗಿಸಿದರು.

“ಚಿದಾನಂದ್! ಮೌನಾಚರಣೆ ಮುಗೀತು ಕಣ್ರೀ!”

ಶಿವವ್ವ ದಂಟಿನ ಕಟ್ಟುಗಳನ್ನು ಸರಿಪಡಿಸುತ್ತ ಮೇಲೆ ನೋಡಿದಳು. “ಮುಗೀತಂತೆ ಕಣಪ್ಪ ಚಿದಾನಂದ,” ಎಂದಳು ಮೆಲ್ಲಗೆ. “ಕತ್ತು ನೋಯ್ತದೆ, ತಲೆ ಎತ್ತು.”

ಅವನು ಎತ್ತಲಿಲ್ಲ. ಸಾಹೇಬರು ಮೂರನೆಯ ಸಲ ಅವನ ಹೆಸರು ಹಿಡಿದು ಕರೆದರು. ಈ ಸಲ ಕ್ಯಾಮೆರಾ ಇರುವುದನ್ನೂ ಮರೆತು ಕೂಗಿದರು.